ಮೀನಿನ ಕರೆಂಟು

ನಮ್ಮ ಮನೆಯಲ್ಲಿ ಒಲೆ ಎರಡಿದ್ದವು, ಕರೆಂಟಿನ ಮೀಟರು ಒಂದೇ ಇತ್ತು. ಸಾಗರದ ಪೇಟೆ ಮುಗಿದು ರಸ್ತೆ ಕೆಳಗಿಳಿಯುವಲ್ಲಿದ್ದ ಆ ಹಂಚಿನ ಮನೆಯ ಮುಂದಿನ ಅರ್ಧದಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಮಮತಾ ಇದ್ದರು. ಹಿಂದಿನ ಅರ್ಧದಲ್ಲಿ ಅಪ್ಪ, ಅಮ್ಮ ಮತ್ತು ನಾನು. ನಡುವಿನ ಕೋಣೆ ಅಜ್ಜಿಯದು. ಅಜ್ಜಿಗೆ ಮಧ್ಯಾಹ್ನದ ಊಟ ಮುಂದಿನ ಮನೆಯಲ್ಲಿ, ರಾತ್ರಿಯದ್ದು ನಮ್ಮಲ್ಲಿ. ಬಾವಿ ಒಂದೇ, ಬಚ್ಚಲು ಒಂದೇ, ಜಗಲಿಯೂ ಒಂದೇ. ಆ ಜಗಲಿಯ ಗೋಡೆಗೆ ಮೀಟರು ಹೊಡೆದಿದ್ದರು. ಕಪ್ಪು ಡಬ್ಬಿ, ಅದಕ್ಕೊಂದು ಗಾಜಿನ ಕಿಟಕಿ, ಒಳಗೆ ತಟ್ಟೆಯಂಥ ಚಕ್ರ. ಚಕ್ರದ ಅಂಚಿಗೆ ಒಂದು ಕೆಂಪು ಗುರುತು. ಆ ಗುರುತು ಒಂದು ಸುತ್ತು ಬರುವುದರೊಳಗೆ ಅಂಗಳದ ತುದಿಯ ದಾಸವಾಳವನ್ನು ಮುಟ್ಟಿ ಬರುವುದು ನನಗೂ ಮಮತಾಗೂ ಚಿಕ್ಕಂದಿನ ಆಟ. ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಅಪ್ಪನೂ ದೊಡ್ಡಪ್ಪನೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಇನ್ನೊಂದು ಮೀಟರಿಗೆ ಅರ್ಜಿ ಹಾಕುವ ಮಾತು ಆಗಾಗ ಬರುತ್ತಿತ್ತು, ಎಲೆ ಅಡಿಕೆ ಉಗುಳುವಷ್ಟರಲ್ಲಿ ಮರೆತೂ ಹೋಗುತ್ತಿತ್ತು. ಆ ವಿಷಯಕ್ಕೆ ಅವರಿಬ್ಬರೂ ದನಿ ಎತ್ತಿದ್ದು ನಾನು ಕೇಳಿರಲಿಲ್ಲ.

ಮಮತಾ ನನಗಿಂತ ನಾಲ್ಕು ತಿಂಗಳು ದೊಡ್ಡವಳು. ಆ ನಾಲ್ಕು ತಿಂಗಳನ್ನು ಹಿಡಿಯುವುದು ನನ್ನಿಂದ ಯಾವತ್ತೂ ಆಗಲಿಲ್ಲ. ಒಂದೇ ಶಾಲೆ, ಒಂದೇ ಬೆಂಚು. ಅವಳಿಗೆ ಎರಡು ಜಡೆ ಹೆಣೆಯುವಷ್ಟು ಕೂದಲಿತ್ತು, ನನಗೆ ಒಂದಕ್ಕೇ ಸಾಲದು. ಅವಳಿಗೆ ಬೂಟು, ನನಗೆ ಹವಾಯಿ ಚಪ್ಪಲಿ. ಇವೆಲ್ಲ ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಅವಳ ಅಪ್ಪ. ದೊಡ್ಡಪ್ಪ ಖಾಸಗಿ ಬಸ್ಸಿನ ಡ್ರೈವರು. ಬೆಳಿಗ್ಗೆ ಒಂದು ಸಲ ಹೊಸನಗರಕ್ಕೆ ಹೋಗಿ ಬಂದು, ಆಮೇಲೆ ತೀರ್ಥಹಳ್ಳಿಯ ಟ್ರಿಪ್ಪು. ಸಂಜೆ ಮನೆಗೆ ಬರುವಾಗ ಅವರ ಕೈ ಖಾಲಿ ಇರುತ್ತಿರಲಿಲ್ಲ. ಒಂದು ದಿನ ಕಡ್ಲೆಮಿಠಾಯಿ, ಇನ್ನೊಂದು ದಿನ ಯಾರೋ ಪ್ರಯಾಣಿಕರು ಕೊಟ್ಟ ಪೇರಲೆ, ಒಮ್ಮೆ ಮುರಿದ ಹಾರ್ನಿನ ರಬ್ಬರು. ನನಗೂ ಪಾಲಿರುತ್ತಿತ್ತು, ಸಮಪಾಲೇ. ಆದರೆ ಅವಳಿಗೆ ಅದು ಅಪ್ಪ ತಂದಿದ್ದು, ನನಗೆ ದೊಡ್ಡಪ್ಪ ಕೊಟ್ಟಿದ್ದು. ನನ್ನ ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದರು. ಅವರು ತರುತ್ತಿದ್ದದ್ದು ಮದುವೆ ಕಾಗದ ಕತ್ತರಿಸಿ ಉಳಿದ ಉದ್ದನೆಯ ಚೂರುಗಳು. ಅವನ್ನು ಹೊಲಿದು ನನಗೆ ರಫ್ ಪುಸ್ತಕ ಮಾಡಿಕೊಡುತ್ತಿದ್ದರು. ನಾಲ್ಕು ಬೆರಳಗಲದ ಆ ಪುಸ್ತಕದಲ್ಲಿ ಒಂದು ಗುಣಾಕಾರ ಸಹ ಪೂರ್ತಿ ಹಿಡಿಯುತ್ತಿರಲಿಲ್ಲ.

ಮೀನಿನ ಪೆಟ್ಟಿಗೆ ಬಂದದ್ದು ಶಾಲೆ ಶುರುವಾಗುವ ಹೊತ್ತಿಗೆ. ತೀರ್ಥಹಳ್ಳಿಯಲ್ಲಿ ಯಾರೋ ಹೋಟೆಲು ಮುಚ್ಚುವವರಿದ್ದರಂತೆ. ಅಲ್ಲಿ ಗಲ್ಲಾದ ಪಕ್ಕ ಇಟ್ಟಿದ್ದ ಗಾಜಿನ ತೊಟ್ಟಿಯನ್ನು ದೊಡ್ಡಪ್ಪನಿಗೆ ಕೊಟ್ಟರು. ಅದನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಎರಡು ಸೀಟಿನ ಮೇಲೆ ಕೂರಿಸಿ, ಟವೆಲ್ಲಿನಿಂದ ಕಟ್ಟಿ ಸಾಗರದವರೆಗೆ ತಂದಿದ್ದರು. ಕಂಡಕ್ಟರು ಅದಕ್ಕೂ ಎರಡು ಟಿಕೆಟು ಹರಿದನೆಂದು ನಗುತ್ತಾ ಹೇಳಿದರು. ಏಳು ಗೋಲ್ಡ್ ಫಿಶ್, ತಳಕ್ಕೆ ಬಣ್ಣದ ಕಲ್ಲು, ಮುಚ್ಚಳಕ್ಕೊಂದು ಸಣ್ಣ ಟ್ಯೂಬ್ ಲೈಟು, ಗುರ್ ಎಂದು ಗಾಳಿ ಬಿಡುವ ಪುಟ್ಟ ಪಂಪು. ಸ್ವಿಚ್ಚು ಹಾಕಿದಾಗ ಮುಂದಿನ ಕೋಣೆಯ ಗೋಡೆಯೆಲ್ಲ ನೀರಿನ ನೆರಳು ಆಡತೊಡಗಿತು. ನಾವೆಲ್ಲ ಬಾಯಿ ತೆರೆದು ನಿಂತೆವು. ಅಜ್ಜಿಯನ್ನೂ ಕೈ ಹಿಡಿದು ಕರೆತಂದರು. ಅಜ್ಜಿಯ ಊರು, ಮನೆ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋಗಿದ್ದವು. ಅವಳು ಗಾಜಿಗೆ ಮೂಗು ತಾಗಿಸಿ ನೋಡಿ ಕೇಳಿದಳು:

"ಇವಕ್ಕೆ ಎಂತಕ್ಕೆ ಕರೆಂಟು? ನನ್ನ ಮನೇಲೂ ಈಗ ಮೀನೇ ಇರೋದು. ಅವಕ್ಕೆ ಯಾರು ಲೈಟು ಹಾಕ್ತಾರೆ?"

ಎಲ್ಲರೂ ನಕ್ಕರು. ಅಮ್ಮ ಮಾತ್ರ ಪಂಪಿನ ವಯರು ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದಳು.

ಅವತ್ತಿನಿಂದ ಮಮತಾ ರಾಣಿಯಾದಳು. ಶಾಲೆ ಬಿಟ್ಟ ಮೇಲೆ ದಿನಕ್ಕೆ ಮೂರು ನಾಲ್ಕು ಹುಡುಗಿಯರು ಅವಳ ಹಿಂದೆ ಬಂದು, ಮೀನು ನೋಡಿ, ದೊಡ್ಡಮ್ಮ ಕೊಟ್ಟ ಅವಲಕ್ಕಿ ತಿಂದು ಹೋಗುತ್ತಿದ್ದರು. ಯಾವತ್ತು ಯಾರು ಬರಬೇಕೆಂದು ಅವಳೇ ಹೇಳುತ್ತಿದ್ದಳು. ಮೀನಿಗೆ ಆಹಾರ ಹಾಕುವುದು ಅವಳು ಆರಿಸಿದವರು. ಒಂದೇ ಮನೆಯಲ್ಲಿದ್ದರೂ ನನ್ನ ಸರದಿ ವಾರಕ್ಕೊಮ್ಮೆ ಬಂದರೆ ಹೆಚ್ಚು.

"ನೀನು ಇಲ್ಲೇ ಇರ್ತೀಯಲ್ಲ ಸವಿ, ಯಾವಾಗ ಬೇಕಾದ್ರೂ ನೋಡ್ಬಹುದು. ಅವರು ದೂರದಿಂದ ಬಂದಿರ್ತಾರೆ," ಎನ್ನುತ್ತಿದ್ದಳು.

ಮಾತು ನ್ಯಾಯವಾಗಿಯೇ ಇತ್ತು. ಅದೇ ನನಗೆ ಹೆಚ್ಚು ಉರಿ. ಅವಳು ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ರಾತ್ರಿ ಊಟ ಮಾಡುವಾಗ ಗೋಡೆಯಾಚೆ ಪಂಪಿನ ಸದ್ದು ಕೇಳುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ನಲವತ್ತರ ಬಲ್ಬು. ನಾನು ಓದುತ್ತಾ ಸ್ವಲ್ಪ ಎದ್ದು ಹೋದರೂ ಅಮ್ಮ "ಲೈಟು ಯಾರಪ್ಪ ಆರಿಸ್ತಾನೆ?" ಎಂದು ಕೂಗುತ್ತಿದ್ದಳು. ಆಚೆ ಮೀನುಗಳಿಗೆ ಟ್ಯೂಬ್ ಲೈಟು. ಏಳು ಮೀನಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಜೂನ್ ಕಳೆಯುವಷ್ಟರಲ್ಲಿ ಮಳೆ ಹಿಡಿಯಿತು. ನನಗಿದ್ದದ್ದು ಒಂದೇ ಯೂನಿಫಾರ್ಮು, ನೀಲಿ ನೆರಿಗೆ ಸ್ಕರ್ಟು, ಬಿಳಿ ಅಂಗಿ. ಮಮತಾಗೆ ಎರಡು ಜೊತೆ. ಹವಾಯಿ ಚಪ್ಪಲಿ ಹಾಕಿ ನಡೆದರೆ ಹಿಂಬದಿಗೆಲ್ಲ ಕೆಸರು ಎರಚುತ್ತದೆ. ಹಾಗಾಗಿ ನನ್ನ ಸ್ಕರ್ಟನ್ನು ದಿನಾ ಸಂಜೆ ಒಗೆಯಲೇಬೇಕು. ಬೆಳಿಗ್ಗೆಯೊಳಗೆ ಒಣಗುವ ಮಾತಿಲ್ಲ. ಅಮ್ಮ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದಳು. ಅರ್ಧ ಒದ್ದೆ, ಪೂರ್ತಿ ಹೊಗೆ ವಾಸನೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಹಿಂದೆ ನಿಂತ ಹುಡುಗಿ ಮೂಗು ಹಿಡಿದು ಕೇಳಿದಳು:

"ಏ, ನಿಮ್ಮನೇಲಿ ಸ್ಕರ್ಟನ್ನೂ ಬೇಯಿಸ್ತಾರನೇ?"

ಸಾಲಿಗೆ ಸಾಲೇ ನಕ್ಕಿತು. ನಾನು ಮಮತಾಳ ಕಡೆ ನೋಡಿದೆ. ಅವಳೂ ನಕ್ಕಿದ್ದಳು. ಹೆಚ್ಚಲ್ಲ, ತುಟಿಯ ಒಂದು ಬದಿಯಲ್ಲಿ, ಆಮೇಲೆ ಕೂಡಲೇ ಮುಖ ತಿರುಗಿಸಿಕೊಂಡಳು. ಅವಳ ನೆರಿಗೆಗಳು ಗೆರೆ ಎಳೆದ ಹಾಗೆ ನೆಟ್ಟಗಿದ್ದವು. ಅವಳ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು.

ದೊಡ್ಡಪ್ಪನ ಇಸ್ತ್ರಿ ಪೆಟ್ಟಿಗೆ ಅಜ್ಜಿಯ ಕೋಣೆಯಲ್ಲಿರುತ್ತಿತ್ತು. ವಾರಕ್ಕೆರಡು ಸಲ ಅವರು ತಮ್ಮ ಖಾಕಿ ಅಂಗಿಗೆ ಅದನ್ನು ತಾಗಿಸುತ್ತಿದ್ದರು. ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಬಸ್ಸಿಗೆ ಹೋದ ಮೇಲೆ, ಅಮ್ಮ ಹಾಲು ತರಲು ಹೊರಟ ಮೇಲೆ, ನಾನು ಅಜ್ಜಿಯ ಕೋಣೆಗೆ ಹೋಗಿ ಕಂಬಳಿ ಮಡಿಸಿ ಹಾಸಿ, ಒದ್ದೆ ಸ್ಕರ್ಟನ್ನು ಹರಡಿ, ಪ್ಲಗ್ಗು ಹಾಕಿದೆ. ಚುಸ್ ಎಂದು ಹಬೆ ಎದ್ದಿತು. ಒಂದೊಂದು ನೆರಿಗೆ ಒಣಗುವ ತನಕ ಒತ್ತಿ ಹಿಡಿದೆ. ಸ್ಕರ್ಟು ಮುಗಿದ ಮೇಲೆ ಅಂಗಿ. ಮುಕ್ಕಾಲು ಗಂಟೆ ಹಿಡಿಯಿತು. ಕೆಲವು ದಿನ ಅದಕ್ಕೂ ಹೆಚ್ಚು. ಅಜ್ಜಿ ಗೋಡೆಗೊರಗಿ ಕಾಲು ನೀಡಿ ಕೂತಿರುತ್ತಿದ್ದಳು. ಏನೂ ಕೇಳಲಿಲ್ಲ. ಅವತ್ತು ಶಾಲೆಗೆ ಹೋಗುವಾಗ ನನ್ನ ನೆರಿಗೆಗಳೂ ಗೆರೆ ಎಳೆದ ಹಾಗಿದ್ದವು. ಅಮ್ಮ ಗಮನಿಸಿ, ರಾತ್ರಿ ಹಾಸಿಗೆಯಡಿ ಮಡಿಸಿಟ್ಟೆನೋ ಎಂದು ಕೇಳಿದಳು. ಹೂಂ ಎಂದೆ. ಹಾಗೇ ದಿನಾ ನಡೆಯಿತು, ಭಾನುವಾರ ಬಿಟ್ಟು.

ತಿಂಗಳಾಯಿತು, ಬಿಲ್ಲು ಬಂತು. ಯಾವತ್ತಿನ ದುಪ್ಪಟ್ಟಿನ ಹತ್ತಿರ. ಅಪ್ಪ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ದೊಡ್ಡಪ್ಪ, ಮೀಟರು ಓದಿದವರು ತಪ್ಪು ಓದಿರಬೇಕು ಅಂದರು. ಇಬ್ಬರೂ ಎದ್ದು ಮೀಟರಿನ ಅಂಕಿ ನೋಡಿದರು. ಸರಿಯಾಗಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮೆಲ್ಲಗೆ ಅಂದಳು:

"ಹೊಸದಾಗಿ ಬಂದಿದ್ದು ಒಂದೇ ಅಲ್ವಾ ಭಾವ, ಮನೆಗೆ."

ದೊಡ್ಡಮ್ಮ ಒಳಗಿಂದಲೇ ಉತ್ತರ ಕೊಟ್ಟಳು.

"ಬೆರಳು ಗಾತ್ರದ ಪಂಪು ಮಾರಾಯ್ತಿ ಅದು. ಅಷ್ಟು ಸುಡ್ತದಾ?"

"ಗಾತ್ರ ಹೆಂಗೇ ಇರ್ಲಿ ಅಕ್ಕಾ. ಹಗಲೂ ರಾತ್ರಿ ಓಡ್ತದಲ್ಲ."

ಹಗಲೂ ರಾತ್ರಿ ಓಡುವುದೇ ಹೆಚ್ಚು ಕರೆಂಟು ತಿನ್ನುತ್ತದೆ ಎಂದು ಎಲ್ಲರಿಗೂ ಅನ್ನಿಸಿತು. ದೊಡ್ಡಪ್ಪನಿಗೂ ಅನ್ನಿಸಿತು. ಅವರು ಆ ತಿಂಗಳು ಹೆಚ್ಚಾದದ್ದನ್ನೆಲ್ಲ ತಾವೇ ಕೊಟ್ಟು, ಇನ್ನು ಮೇಲೆ ಟ್ಯೂಬ್ ಲೈಟನ್ನು ಸಂಜೆ ಒಂದೇ ಗಂಟೆ ಹಾಕುವುದು ಅಂದರು. ಮಮತಾಳ ಮುಖ ಚಿಕ್ಕದಾಯಿತು. ನನಗೆ ಎದೆಯೊಳಗೆ ಬೆಲ್ಲ ಕರಗಿದ ಹಾಗಾಯಿತು. ಸುಳ್ಳು ಹೇಳುವುದಿಲ್ಲ, ಆ ಸಂಜೆ ಮೀನಿನ ಕೋಣೆ ಕತ್ತಲಾದಾಗ ನಾನು ನಮ್ಮ ಅಡುಗೆಮನೆಯಲ್ಲಿ ಎರಡು ದೋಸೆ ಹೆಚ್ಚು ತಿಂದೆ.

ಅದಾಗಿ ಎರಡು ಮೂರು ದಿನದ ಮೇಲೆ ಒಂದು ಬೆಳಿಗ್ಗೆ, ಇಸ್ತ್ರಿ ಪೆಟ್ಟಿಗೆ ಕಾಯಲೆಂದು ಪ್ಲಗ್ಗು ಹಾಕಿ, ಒಣಹಾಕಿದ ಅಂಗಿ ತರಲು ಜಗಲಿಗೆ ಹೋದೆ. ಕಣ್ಣು ತಾನಾಗಿ ಮೀಟರಿನ ಕಡೆ ಹೋಯಿತು. ಕೆಂಪು ಗುರುತು ಬಂತು, ಹೋಯಿತು, ಮತ್ತೆ ಬಂತು. ದಾಸವಾಳದವರೆಗೆ ಹೋಗುವುದಿರಲಿ, ಒಂದು ಹೆಜ್ಜೆ ಇಡುವುದರೊಳಗೆ ಸುತ್ತಿಕೊಂಡು ಬರುತ್ತಿತ್ತು. ಒಳಗೆ ಓಡಿ ಪ್ಲಗ್ಗು ಕಿತ್ತು ಮತ್ತೆ ಬಂದು ನೋಡಿದೆ. ಗುರುತು ಎಲ್ಲೋ ಹಿಂದೆ ಉಳಿದು, ಬರಲೋ ಬೇಡವೋ ಎಂಬ ಹಾಗೆ ತೆವಳುತ್ತಿತ್ತು. ಆಚೆ ಕೋಣೆಯಲ್ಲಿ ಪಂಪು ಓಡುತ್ತಲೇ ಇತ್ತು. ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ಸಾಕು. ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ವಾಪಸು ಹೋಗಿ ಪ್ಲಗ್ಗು ಹಾಕಿದೆ, ಸ್ಕರ್ಟು ಒತ್ತಿದೆ. ಆ ಒಂದು ತಿಂಗಳಲ್ಲಿ ಹೊಗೆ ವಾಸನೆಯ ಮಾತು ಯಾರೂ ಎತ್ತಿರಲಿಲ್ಲ. ನನ್ನ ಪಕ್ಕ ಕೂರಲು ಒಬ್ಬಳು ಜಾಗ ಕೇಳಿದ್ದಳು. ಅದನ್ನೆಲ್ಲ ಬಿಟ್ಟುಕೊಡುವುದಾದರೆ ಮಮತಾಳೇ ಮೊದಲು ಏನಾದರೂ ಬಿಟ್ಟುಕೊಡಲಿ ಅನ್ನಿಸಿತ್ತು.

ಎರಡನೆಯ ಬಿಲ್ಲು ಕಡಿಮೆಯಾಗಲಿಲ್ಲ. ಮಳೆ ಜೋರಾಗಿ ನಾನು ಹೆಚ್ಚು ಹೊತ್ತು ಒತ್ತಿದ್ದರಿಂದ ಸ್ವಲ್ಪ ಏರಿಯೇ ಇತ್ತು. ಈ ಸಲ ಮಾತು ಜಗಲಿಯಿಂದ ಅಡುಗೆಮನೆಗೆ ಬಂತು. ಅಮ್ಮ ಸಾರಿಗೆ ಮೀನು ಹೆಚ್ಚುತ್ತಿದ್ದಳು, ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಲೈಟು ಒಂದೇ ಗಂಟೆ ಹಾಕಿದ್ರೆ ಹಿಂಗೆ ಬರ್ತದಾ ಅಕ್ಕಾ? ನಾನು ಕೇಳ್ಬಾರ್ದು, ಆದ್ರೂ ಕೇಳ್ತೀನಿ."

"ಅಂದ್ರೆ ನಾವು ಕದ್ದು ಹಾಕ್ತೀವಿ ಅಂತನಾ?"

"ನಾನು ಹಂಗೆ ಹೇಳ್ಲಿಲ್ಲ."

"ಮತ್ತೆ ಹೆಂಗೆ ಹೇಳಿದ್ದು? ಮೂರು ಕಾಸಿನ ಮೀನು ನೋಡಿ ನಿಂಗೆ ಇಷ್ಟು ಹೊಟ್ಟೆ ಉರಿಯಾ?"

ಅಮ್ಮ ಕತ್ತಿ ಬಿಟ್ಟು ಎದ್ದಳು. ಮೂಲೆಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ ಕೇಳಿದಳು:

"ನೀನು ದಿನಾ ಅಲ್ಲೇ ಸುಳಿದಾಡ್ತಿರ್ತೀಯಲ್ಲ, ಹೇಳು. ಆ ಲೈಟು ಎಷ್ಟೊತ್ತು ಇರ್ತದೆ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ದೊಡ್ಡಮ್ಮನ ಹಿಂದೆ ಮಮತಾಳೂ ಇದ್ದಳು. ಅವಳ ಕೈಯಲ್ಲಿ ಮೀನಿನ ಆಹಾರದ ಡಬ್ಬಿ.

"ಮಮತಾ ಲೈಟು ಆರಿಸೋದೇ ಇಲ್ಲ," ಅಂದೆ. "ಆರಿಸಿದ್ರೂ ಎಲ್ಲರೂ ಮಲಗಿದ ಮೇಲೆ ಮತ್ತೆ ಹಾಕ್ತಾಳೆ. ನಾನು ನೋಡಿದೀನಿ."

ಮಮತಾ ಬಾಯಿ ತೆರೆಯುವಷ್ಟರಲ್ಲೇ ದೊಡ್ಡಮ್ಮ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಗೋಡೆಯಾಚೆ ಎರಡು ಏಟಿನ ಸದ್ದು ಕೇಳಿತು. ಆಮೇಲೆ ಪಂಪಿನ ಸದ್ದು ನಿಂತಿತು. ದೊಡ್ಡಮ್ಮ ಸಿಟ್ಟಿನಲ್ಲಿ ಪ್ಲಗ್ಗನ್ನೇ ಕಿತ್ತು ಹಾಕಿದ್ದಳು.

ಅವತ್ತು ದೊಡ್ಡಪ್ಪನಿಗೆ ತೀರ್ಥಹಳ್ಳಿಯಲ್ಲೇ ಉಳಿಯಬೇಕಾಗಿ ಬಂತು, ಬಸ್ಸು ಕೆಟ್ಟಿತ್ತು. ಪ್ಲಗ್ಗು ಮತ್ತೆ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ಮಾರನೆಯ ದಿನ ಶಾಲೆಯಿಂದ ಬಂದಾಗ ಏಳೂ ಮೀನು ನೀರಿನ ಮೇಲ್ಗಡೆ ಬಂದು ಬಾಯಿ ಬಡಿಯುತ್ತಿದ್ದವು. ಚಿಕ್ಕ ತೊಟ್ಟಿಗೆ ಏಳು ಹೆಚ್ಚಾಗಿತ್ತು, ಗಾಳಿ ಸಾಲದು. ಮಮತಾ ಚೆಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿಂದ ಸುರಿಯುತ್ತಿದ್ದಳು. ಕೈ ಸೋತರೂ ನಿಲ್ಲಿಸಲಿಲ್ಲ. ನಾನು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಿ ಇನ್ನೊಂದು ಚೆಂಬು ತೆಗೆದುಕೊಳ್ಳಲು ನಾಲ್ಕು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಸಂಜೆ ದೊಡ್ಡಪ್ಪ ಬರುವಷ್ಟರಲ್ಲಿ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡಪ್ಪ ಯಾರಿಗೂ ಬೈಯಲಿಲ್ಲ. ಪಂಪು ಹಾಕಿದರು. ಸತ್ತ ಮೂರನ್ನು ಎಲೆಯಲ್ಲಿ ಸುತ್ತಿ ದಾಸವಾಳದ ಬುಡಕ್ಕೆ ಹಾಕಿದರು. ಉಳಿದ ನಾಲ್ಕನ್ನು ಬೆಳಿಗ್ಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಮಮತಾಳನ್ನೂ ಕರೆದುಕೊಂಡು ಬಸ್ಸಿಗೆ ಹೋದರು. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟುಕೊಂಡಿದ್ದ ಸ್ನೇಹಿತರೊಬ್ಬರಿಗೆ ಕೊಟ್ಟು ಬಂದರು. ಬರುವಾಗ ಮಮತಾ ದಾರಿಯುದ್ದಕ್ಕೂ ಖಾಲಿ ಚೀಲವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳೆಂದು ದೊಡ್ಡಪ್ಪ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಆ ದಿನಗಳಲ್ಲಿ ಎರಡು ಮನೆಯ ನಡುವೆ ಮಾತು ನಿಂತಿತು. ಅಜ್ಜಿಯ ಕೋಣೆಯ ಎರಡು ಬಾಗಿಲಲ್ಲಿ ದೊಡ್ಡಮ್ಮನ ಕಡೆಯದಕ್ಕೆ ಅಗುಳಿ ಬಿತ್ತು. ಅಜ್ಜಿ ಮಧ್ಯಾಹ್ನದ ಊಟಕ್ಕೆ ಜಗಲಿ ಸುತ್ತಿ, ಮಳೆಯಲ್ಲಿ ಗೊರಬು ಹೊದ್ದು ಹೋಗಬೇಕಾಯಿತು. ಅಪ್ಪ ದೊಡ್ಡಪ್ಪ ಇಬ್ಬರೂ ಜಗಲಿಯ ಎರಡು ತುದಿಗೆ ಕೂತು ಬೇರೆ ಬೇರೆ ಎಲೆಪೆಟ್ಟಿಗೆ ತೆರೆಯುತ್ತಿದ್ದರು. ಶಾಲೆಯಲ್ಲಿ ಮಮತಾ ಬೆಂಚು ಬದಲಿಸಿದಳು. ನಾನು ಗೆದ್ದಿದ್ದೆ. ಆದರೂ ಅವಳನ್ನು ನೋಡಿದಾಗ ಕಿಚ್ಚು ಆರುತ್ತಿರಲಿಲ್ಲ. ಈಗ ಎಲ್ಲರೂ ಅವಳಿಗೆ ಪಾಪ ಅನ್ನುತ್ತಿದ್ದರು. ಮೀನಿದ್ದಾಗ ಬರುತ್ತಿದ್ದಕ್ಕಿಂತ ಹೆಚ್ಚು ಹುಡುಗಿಯರು ಈಗ ಅವಳ ಸುತ್ತ ಕೂತು ಕತೆ ಕೇಳುತ್ತಿದ್ದರು. ನಾನು ನೆಟ್ಟಗಿನ ನೆರಿಗೆಗಳೊಂದಿಗೆ ಒಬ್ಬಳೇ ಊಟದ ಡಬ್ಬಿ ಬಿಚ್ಚುತ್ತಿದ್ದೆ.

ಮೂರನೆಯ ಬಿಲ್ಲೂ ಹಾಗೇ ಬಂತು. ಮೀನಿಲ್ಲ, ಲೈಟಿಲ್ಲ, ಪಂಪಿಲ್ಲ. ದೊಡ್ಡಮ್ಮ ಆ ಕಾಗದವನ್ನು ಗಾಳಿಯಲ್ಲಿ ಆಡಿಸುತ್ತಾ ಅಂಗಳದ ನಡುವೆ ನಿಂತಳು.

"ಈಗ ಹೇಳಿ ನೋಡೋಣ, ಯಾರ ಮೀನು ಕುಡೀತಾ ಇದ್ದಿದ್ದು ಕರೆಂಟು?"

ದೊಡ್ಡಮ್ಮನ ತಮ್ಮ ಶಿವಣ್ಣ ವಯರಿಂಗ್ ಕೆಲಸ ಮಾಡುವವನು. ಭಾನುವಾರ ಅವನನ್ನು ಕರೆಸಿದರು. ಅವನು ಮನೆಯ ಎಲ್ಲ ಸ್ವಿಚ್ಚು ಆರಿಸಿ, ಎರಡೂ ಸಂಸಾರವನ್ನು ಮೀಟರಿನ ಮುಂದೆ ನಿಲ್ಲಿಸಿದ. ಮೊದಲು ವಯರಿನಿಂದ ಕರೆಂಟು ಎಲ್ಲಾದರೂ ನೆಲಕ್ಕೆ ಸೋರುತ್ತಿದೆಯೇ ನೋಡಿದ. ಚಕ್ರ ಅಲ್ಲಾಡಲಿಲ್ಲ. ಆಮೇಲೆ ಮೀನಿನ ಪಂಪನ್ನು ತರಿಸಿ, ಒಂದು ಬಕೆಟ್ಟು ನೀರಿಗೆ ನಳಿಗೆ ಬಿಟ್ಟು ಹಾಕಿದ. ನಾವು ಕಾದೆವು. ಕೆಂಪು ಗುರುತು ಹೊರಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಜ್ಜಿ ಜಗಲಿಯ ಕಂಬಕ್ಕೊರಗಿ ಒಂದು ಎಲೆ ಪೂರ್ತಿ ಅಗಿದು ಮುಗಿಸಿದರೂ ಅದು ಒಂದು ಸುತ್ತು ಬಂದಿರಲಿಲ್ಲ.

"ಇದನ್ನ ವರ್ಷವಿಡೀ ಹಾಕಿಟ್ರೂ ನಿಮಗೆ ಗೊತ್ತಾಗಲ್ಲ," ಅಂದ ಶಿವಣ್ಣ. "ಝೀರೋ ಬಲ್ಬಿನಷ್ಟೂ ಎಳೆಯಲ್ಲ ಇದು. ಸದ್ದು ಮಾಡ್ತದೆ ಅಷ್ಟೇ."

ಅಮ್ಮ ತಲೆ ತಗ್ಗಿಸಿದಳು. ಶಿವಣ್ಣ ಒಂದೊಂದೇ ಹಾಕುತ್ತಾ ಹೋದ. ಟ್ಯೂಬ್ ಲೈಟು, ರೇಡಿಯೋ, ದೊಡ್ಡಪ್ಪನ ಮನೆಯ ಟೀವಿ, ನಮ್ಮ ಅಡುಗೆಮನೆಯ ಬಲ್ಬು. ಚಕ್ರ ನಿಧಾನ, ಸ್ವಲ್ಪ ಚುರುಕು, ಮತ್ತೆ ನಿಧಾನ. ಇನ್ನೇನೂ ಉಳಿದಿಲ್ಲವಾ ಎಂದು ಅವನು ಕೇಳಿದ. ದೊಡ್ಡಪ್ಪ ನೆನಪು ಮಾಡಿಕೊಂಡು, ಇಸ್ತ್ರಿ ಪೆಟ್ಟಿಗೆ ಒಂದಿದೆ, ವಾರಕ್ಕೆರಡು ಸಲ ಹತ್ತು ನಿಮಿಷ ಹಾಕ್ತೀನಿ ಅಂದರು. ಶಿವಣ್ಣ ಒಳಗೆ ಹೋಗಿ ಅದನ್ನು ಹಾಕಿ ಬಂದ. ಕೆಂಪು ಗುರುತು ಹಾರತೊಡಗಿತು. ಶಿವಣ್ಣ ತಿರುಗಿ ದೊಡ್ಡಪ್ಪನನ್ನು ನೋಡಿದ.

"ಹತ್ತು ನಿಮಿಷಕ್ಕೆ ಇಷ್ಟು ಬರಲ್ಲ ಭಾವ. ಇದನ್ನ ಯಾರೋ ದಿನಾ ಗಂಟೆಗಟ್ಲೆ ಹಾಕ್ತಿದಾರೆ."

ಆಗ ಅಜ್ಜಿ ಕಂಬದ ಬುಡದಿಂದ ತಣ್ಣಗೆ ಅಂದಳು:

"ಸವಿ ದಿನಾ ಬೆಳಿಗ್ಗೆ ಹಾಕ್ತಾಳಲ್ಲ ಅದು. ಪಾಪ, ಸ್ಕರ್ಟು ಒಣಗಿಸಿಕೊಳ್ತಾಳೆ. ನಂಗೂ ಕಾಲಿಗೆ ಬೆಚ್ಚಗಾಗ್ತದೆ."

ಮೂರು ತಿಂಗಳು ಅಜ್ಜಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ, ಅದಕ್ಕೇ ಅವಳು ಹೇಳಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಅಮ್ಮ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ಹೊಡೆಯಲಿಲ್ಲ. ದೊಡ್ಡಮ್ಮನ ಮುಂದೆ ಹೋಗಿ ನಿಂತು, ಸೆರಗು ಕೈಯಲ್ಲಿ ಹಿಂಡುತ್ತಾ "ಅಕ್ಕಾ, ತಪ್ಪಾಯ್ತು" ಅಂದಳು. ಅಮ್ಮ ಯಾರಿಗಾದರೂ ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಏಟು ಬಿದ್ದಿದ್ದರೆ ಚೆನ್ನಾಗಿತ್ತು. ದೊಡ್ಡಮ್ಮ ತಿರುಗಿ ಒಳಗೆ ಹೋದಳು, ಆದರೆ ಸಂಜೆ ಅಗುಳಿ ತೆಗೆದ ಸದ್ದು ಕೇಳಿತು. ಅಪ್ಪ ಮೂರು ತಿಂಗಳದ್ದೂ ತಾನೇ ಕಟ್ಟುತ್ತೇನೆ ಅಂದರು. ದೊಡ್ಡಪ್ಪ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನಂಗೆ ಹೇಳೋಕೆ ಎಂತ ಆಗಿತ್ತು ನಿಂಗೆ?"

ನೀವು ಮಮತಾಳ ಅಪ್ಪ, ಅದಕ್ಕೇ ಹೇಳಲಿಲ್ಲ ಎಂದು ಹೇಗೆ ಹೇಳುವುದು?

ಸಂಜೆ ನಾನು ಬಚ್ಚಲಲ್ಲಿ ಸ್ಕರ್ಟು ಒಗೆಯುತ್ತಿದ್ದಾಗ ಮಮತಾ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಸವಿ, ನಾನು ಲೈಟು ಆರಿಸ್ತಿರ್ಲಿಲ್ವಾ?"

"ಆರಿಸ್ತಿದ್ದೆ."

"ರಾತ್ರಿ ಮತ್ತೆ ಹಾಕ್ತಿದ್ನಾ?"

"ಇಲ್ಲ."

ಅಷ್ಟು ಕೇಳಿ ಹೊರಟುಹೋದಳು. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಕೈಯಲ್ಲಿದ್ದ ಸೋಪು ಜಾರಿ ಮೋರಿಗೆ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಇನ್ನೂ ನಸುಕಿರುವಾಗ ದೊಡ್ಡಪ್ಪ ನಮ್ಮ ಅಡುಗೆಮನೆಯ ಬಾಗಿಲು ತಟ್ಟಿದರು. ಖಾಕಿ ಹಾಕಿ, ತಲೆಗೆ ಮಫ್ಲರು ಸುತ್ತಿ ಹೊರಟು ನಿಂತಿದ್ದರು.

"ಎಲ್ಲಿ ನಿನ್ನ ಸ್ಕರ್ಟು ಅಂಗಿ? ತಾ ಇಲ್ಲಿ."

ಹಗ್ಗದ ಮೇಲಿಂದ ತೆಗೆದು ಕೊಟ್ಟೆ, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವರು ಅದನ್ನು ಹಿಂಡಿ, ಹೆಗಲಿಗೆ ಹಾಕಿಕೊಂಡು ಹೋದರು. ಆಗಿನ ಬಸ್ಸುಗಳಲ್ಲಿ ಡ್ರೈವರ ಪಕ್ಕವೇ ಇಂಜಿನ್ನು ಇರುತ್ತಿತ್ತು, ಅದರ ಮೇಲೆ ಕೈ ಇಡಲಾಗದಷ್ಟು ಬಿಸಿಯಾಗುವ ದೊಡ್ಡ ಮುಚ್ಚಳ. ಅದರ ಮೇಲೆ ಗೋಣಿ ಹಾಸಿ, ಗೋಣಿಯ ಮೇಲೆ ನನ್ನ ಸ್ಕರ್ಟು ಹರಡಿ ಹೊಸನಗರಕ್ಕೆ ಹೋಗಿ ಬಂದರಂತೆ. ಒಂಬತ್ತೂ ಕಾಲಿಗೆ ನಮ್ಮ ಓಣಿಯ ತುದಿಯಲ್ಲಿ ಬಸ್ಸು ನಿಂತು ಎರಡು ಸಲ ಹಾರ್ನು ಹೊಡೆಯಿತು. ಹಳೇ ಲಂಗದಲ್ಲೇ ಓಡಿದೆ. ಕಂಡಕ್ಟರು ಕಿಟಕಿಯಿಂದ ಬಗ್ಗಿ ಬಟ್ಟೆ ಕೊಟ್ಟ. ಬಸ್ಸಿನ ತುಂಬ ಜನ ನೋಡುತ್ತಿದ್ದರು. ಸ್ಕರ್ಟು ಗರಿಗರಿ ಒಣಗಿತ್ತು, ಡೀಸೆಲ್ಲಿನ ವಾಸನೆ ಬರುತ್ತಿತ್ತು. ಶಾಲೆಯಲ್ಲಿ ಅದೇ ಹುಡುಗಿ ಮತ್ತೆ ಮೂಗು ಹಿಡಿದಾಗ ನಾನು ತಿರುಗಿ ನಿಂತು, ನಮ್ಮ ದೊಡ್ಡಪ್ಪ ಬಸ್ಸಿನಲ್ಲಿ ಒಣಗಿಸಿದ್ದು, ಹೊಸನಗರಕ್ಕೆ ಹೋಗಿ ಬಂದಿದೆ ಈ ಸ್ಕರ್ಟು ಅಂದೆ. ಅವಳು ಮೂಗು ಬಿಟ್ಟಳು.

ಅಪ್ಪನಿಗೆ ಇದು ಕಷ್ಟವಾಗಿರಬೇಕು. ತಮ್ಮ ಮಗಳ ಒದ್ದೆ ಬಟ್ಟೆಯನ್ನು ಅಣ್ಣ ಹೊತ್ತುಕೊಂಡು ಹೋಗುವುದನ್ನು ಹಲ್ಲುಪುಡಿ ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿರುತ್ತಿದ್ದರು. ಒಂದು ವಾರ ಕಳೆದ ಮೇಲೆ, ಸಂಬಳ ಬರಲಿ, ಇನ್ನೊಂದು ಸ್ಕರ್ಟು ಹೊಲಿಸೋಣ ಅಂದರು. ನಾನು ಬೇಡ ಅಂದುಬಿಟ್ಟೆ. ಅವರ ಮುಖ ಆಗ ಹೇಗಾಯಿತೆಂದು ನಾನು ನೋಡಲಿಲ್ಲ. ಈಗ ಅವರಿಲ್ಲ. ನೋಡಬೇಕಿತ್ತು ಅನ್ನಿಸುತ್ತದೆ.

ಮಮತಾ ಮಾತ್ರ ಎಲ್ಲ ನೋಡುತ್ತಿದ್ದಳು. ಬೆಳಿಗ್ಗೆ ಅವಳ ಅಪ್ಪ ನಮ್ಮ ಬಾಗಿಲು ತಟ್ಟುವಾಗ ಅವಳು ಅಜ್ಜಿಯ ಕೋಣೆಯ ಕತ್ತಲಲ್ಲಿ ನಿಂತಿರು‌ತ್ತಿದ್ದಳು. ಹಾರ್ನು ಆದಾಗ ಜಗಲಿಗೆ ಬಂದು, ನಾನು ಬಟ್ಟೆ ಎದೆಗೊತ್ತಿಕೊಂಡು ಬರುವುದನ್ನು ನೋಡಿ ಒಳಗೆ ಹೋಗುತ್ತಿದ್ದಳು. ಅವಳ ಕೆಳತುಟಿ ಒಳಗೆ ಸೇರಿರುತ್ತಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿ ಗೊತ್ತಿದ್ದಲ್ಲ, ಒಳಗಿಂದ ಗೊತ್ತಿದ್ದದ್ದು. ಮೊದಲ ಕೆಲವು ದಿನ ಅದನ್ನು ನೋಡುವುದೇ ನನಗೆ ಹಬ್ಬವಾಗಿತ್ತು. ಬೇಕೆಂದೇ ಜಗಲಿಯ ಮುಂದೆ ನಿಧಾನಕ್ಕೆ ನಡೆಯುತ್ತಿದ್ದೆ.

ಒಂದು ಸಂಜೆ ಬಟ್ಟೆ ಒಗೆಯಲು ಹೋದಾಗ ಬಚ್ಚಲಲ್ಲಿ ಮಮತಾ ಇದ್ದಳು. ಅವತ್ತು ಮಳೆ ಬಿಡುವು ಕೊಟ್ಟಿತ್ತು, ರಸ್ತೆ ಒಣಗಿತ್ತು. ಅವಳ ಸ್ಕರ್ಟಿಗೆ ಒಂದು ಹನಿ ಕೆಸರಿರಲಿಲ್ಲ. ಕಪಾಟಿನಲ್ಲಿ ಅವಳ ಇನ್ನೊಂದು ಜೊತೆ ಮಡಿಸಿಟ್ಟಿತ್ತು. ಅವಳು ಆ ಸ್ವಚ್ಛವಾದ ಸ್ಕರ್ಟನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಎರಡೂ ಕೈಯಿಂದ ತಳಕ್ಕೆ ಒತ್ತಿ ಹಿಡಿದಿದ್ದಳು. ನನ್ನನ್ನು ನೋಡಿ ಬೆಚ್ಚಿದಳು. ಕೈ ಎತ್ತಲಿಲ್ಲ. ನಾನು ನನ್ನದನ್ನೂ ಅದೇ ಬಕೆಟ್ಟಿಗೆ ಹಾಕಿದೆ. ಇಬ್ಬರೂ ಎದುರು ಬದುರು ಕೂತು ಹಿಂಡಿದೆವು.

ಬೆಳಿಗ್ಗೆ ದೊಡ್ಡಪ್ಪ ಬಾಗಿಲು ತಟ್ಟಿದಾಗ ಎರಡು ಸ್ಕರ್ಟು ಕೊಟ್ಟೆ.

"ಇದ್ಯಾರದ್ದು?"

"ಮಮತಾಂದು. ಅದೂ ಒದ್ದೆಯಾಗಿದೆ."

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಕತ್ತಲನ್ನೂ ನೋಡಿದರು. ಎರಡನ್ನೂ ಹೆಗಲಿಗೆ ಹಾಕಿಕೊಂಡು ಹೋದರು. ಹಾರ್ನು ಆದಾಗ ಇಬ್ಬರೂ ಓಡಿದೆವು. ಅವಳ ಕಾಲು ಉದ್ದ, ಅವಳೇ ಮೊದಲು ತಲುಪಿದಳು. ಕಂಡಕ್ಟರನ ಕೈಯಿಂದ ಎರಡೂ ಬಟ್ಟೆ ತೆಗೆದುಕೊಂಡು, ಕೆನ್ನೆಗೆ ಒತ್ತಿ ನೋಡಿ, ನನ್ನದನ್ನು ನನ್ನ ಕಡೆ ಚಾಚಿದಳು.

"ಬಿಸಿ ಇದೆ ನೋಡು," ಅಂದಳು. ಎಷ್ಟೋ ದಿನದ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ತೆಗೆದುಕೊಂಡೆ. ಅವಳು ಆಚೆ ನೋಡುವಾಗ ಅವಳ ಸ್ಕರ್ಟನ್ನೂ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದೆ. ಅವಳದು ಸ್ವಲ್ಪ ಹೆಚ್ಚು ಬಿಸಿ ಇತ್ತು.